ಸೊನ್ನೆಯಿಂದ ಶುರುವಾಗುವ ಹೆಜ್ಜೆ ಲೆಕ್ಕ

ಕೋಲಾರದ ಕಡೆಯ ಕಬಡ್ಡಿ ಪ್ರೇಕ್ಷಕರಿಗೆ ಬೋನಸ್ ಗೆರೆಯ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ರೇಡರ್‌ನ ಮುಂದಿನ ಕಾಲು ಗೆರೆ ದಾಟಿದಾಗ ಹಿಂದಿನ ಕಾಲು ನೆಲ ಬಿಟ್ಟಿತ್ತೋ ಇಲ್ಲವೋ ಎಂಬುದನ್ನು ಹಗ್ಗದಾಚೆ ನಿಂತ ಹುಡುಗನೂ ಹೇಳಬಲ್ಲ. ಅಂಪೈರ್ ತಪ್ಪಿದರೆ ವಾದಕ್ಕೂ ನಿಲ್ಲಬಲ್ಲ. ಅದೇ ಹುಡುಗ ಪಕ್ಕದ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಬಂದರೆ ಅವನ ಕಣ್ಣು ಕಾಲನ್ನು ಬಿಟ್ಟು ಚೆಂಡಿನ ಹಿಂದೆ ಓಡುತ್ತದೆ. ಯಾರೋ ಲೇಅಪ್‌ಗೆ ನುಗ್ಗುತ್ತಾರೆ, ಹಿಂದಿನಿಂದ ಕೂಗು ಏಳುತ್ತದೆ: ‘ಸ್ಟೆಪ್ಸ್ ಸಾರ್, ಸ್ಟೆಪ್ಸ್!’ ರೆಫರಿ ಸೀಟಿ ಊದುವುದಿಲ್ಲ. ಅರ್ಧ ಮೈದಾನಕ್ಕೆ ಮೋಸವಾದಂತೆ ಅನ್ನಿಸುತ್ತದೆ.

ಬಹಳ ಸಲ ರೆಫರಿಯೇ ಸರಿ. ಕೂಗಿದವರು ಒಂದರಿಂದ ಎಣಿಸಿರುತ್ತಾರೆ, ರೆಫರಿ ಸೊನ್ನೆಯಿಂದ ಎಣಿಸಿರುತ್ತಾರೆ. ಜಗಳವೆಲ್ಲ ಆ ಒಂದು ಹೆಜ್ಜೆಯದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹೆಚ್ಚಿನ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಪರಿಚಯವಾಗುವುದು ಶಾಲಾ ಕ್ರೀಡಾಕೂಟದಲ್ಲಿ. ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿ ಗೆದ್ದವರು ಬೆಂಗಳೂರು ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಹೋಗುತ್ತಾರೆ. ಕೆಳಗಿನ ಹಂತಗಳಲ್ಲಿ ಸೀಟಿ ಸಾಮಾನ್ಯವಾಗಿ ದೈಹಿಕ ಶಿಕ್ಷಕರ ಕೈಯಲ್ಲೇ ಇರುತ್ತದೆ. ಬೆಳಗ್ಗೆ ಖೋ ಖೋಗೆ ಅಂಪೈರ್ ಆಗಿದ್ದ ಪಿ.ಟಿ. ಮೇಷ್ಟ್ರು ಮಧ್ಯಾಹ್ನ ಬ್ಯಾಸ್ಕೆಟ್‌ಬಾಲ್‌ಗೆ ರೆಫರಿ. ಅವರಿಗೂ, ಆಡುವ ಮಕ್ಕಳಿಗೂ, ಗೆರೆಯಾಚೆ ನಿಂತು ಕೂಗುವ ಅಪ್ಪ ಅಮ್ಮಂದಿರಿಗೂ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ಮಿತಿ ಮೀರಿ ಕಾಲು ಕದಲಿಸುವ ತಪ್ಪಿನ ನಿಯಮ ಒಂದೇ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ ಪುಸ್ತಕದಲ್ಲಿ ಅದು 25ನೇ ವಿಧಿ. ಡ್ರಿಬಲ್ ನಿಯಮ ಅದರ ಹಿಂದಿನ 24ನೆಯದು. ಎರಡನ್ನೂ ಜೊತೆಯಲ್ಲಿ ಓದಿದರೆ ಮಾತ್ರ ವಿಷಯ ತಿಳಿಯುತ್ತದೆ.

ಮೊದಲ ಪ್ರಶ್ನೆ: ಚೆಂಡು ಕೈಗೆ ಬಂತೇ?

ರೆಫರಿ ಹೆಜ್ಜೆ ಎಣಿಸುವುದಕ್ಕೆ ಮುಂಚೆ ಇನ್ನೊಂದನ್ನು ತೀರ್ಮಾನಿಸುತ್ತಾರೆ. ಚೆಂಡು ಈ ಆಟಗಾರನ ಹತೋಟಿಗೆ ಬಂದಿದೆಯೇ? ಬಂದದ್ದು ಯಾವ ಗಳಿಗೆಯಲ್ಲಿ? ಚೆಂಡನ್ನು ಹಿಡಿದಿದ್ದರೂ ಡ್ರಿಬಲ್ ಮಾಡುತ್ತಿದ್ದರೂ ಹತೋಟಿ ಇದೆ ಎಂದೇ ಲೆಕ್ಕ. ಆದರೆ ಟ್ರಾವೆಲಿಂಗ್ ಆಗಬೇಕಾದರೆ ಚೆಂಡು ಕೈಯಲ್ಲಿ ನಿಂತಿರಬೇಕು. ಡ್ರಿಬಲ್ ಮಾಡುತ್ತಿರುವಾಗ ಚೆಂಡು ಕೈಗೆ ತಾಗದ ಹೊತ್ತಿನಲ್ಲಿ ಎಷ್ಟು ಹೆಜ್ಜೆ ಹಾಕಿದರೂ ಲೆಕ್ಕವಿಲ್ಲ. ಚೆಂಡನ್ನು ಮುಂದಕ್ಕೆ ಜೋರಾಗಿ ನೆಲಕ್ಕೆ ಬಡಿದು, ನಾಲ್ಕು ಹೆಜ್ಜೆ ಓಡಿ, ಮತ್ತೆ ಅದನ್ನೇ ಬಡಿದರೆ ಯಾವ ತಪ್ಪೂ ಇಲ್ಲ.

ಒಂದು ಸಂದರ್ಭ ನೋಡಿ. ಜೋರಾಗಿ ಬಂದ ಪಾಸ್ ಹುಡುಗಿಯೊಬ್ಬಳ ಅಂಗೈಗೆ ಬಡಿದು ಜಾರುತ್ತದೆ. ಚೆಂಡು ಮುಂದೆ ಉರುಳುತ್ತದೆ, ಅವಳು ಐದು ಹೆಜ್ಜೆ ಓಡಿ ಎತ್ತಿಕೊಳ್ಳುತ್ತಾಳೆ. ಸುತ್ತ ‘ಸ್ಟೆಪ್ಸ್’ ಎಂಬ ಗದ್ದಲ. ಆದರೆ ಆ ಐದು ಹೆಜ್ಜೆ ಹಾಕುವಾಗ ಚೆಂಡು ಅವಳ ಕೈಯಲ್ಲಿ ಇರಲೇ ಇಲ್ಲ. ಇದಕ್ಕೆ ಆಟದ ಭಾಷೆಯಲ್ಲಿ ಫಂಬಲ್ ಎನ್ನುತ್ತಾರೆ, ಕೈಜಾರುವುದು ಎಂದರೂ ಸರಿ. ಅವಳು ಇನ್ನೂ ಡ್ರಿಬಲ್ ಶುರುಮಾಡಿಲ್ಲದ ಕಾರಣ ಎತ್ತಿಕೊಂಡ ಮೇಲೆ ಡ್ರಿಬಲ್ ಕೂಡ ಮಾಡಬಹುದು. ಡ್ರಿಬಲ್ ಮುಗಿಸಿ ಚೆಂಡು ಹಿಡಿಯುವಾಗ ಕೈಜಾರಿದ್ದರೆ ಮಾತು ಬೇರೆ. ಆಗಲೂ ಹೋಗಿ ಎತ್ತಿಕೊಳ್ಳಬಹುದು, ಎರಡನೇ ಸಲ ಡ್ರಿಬಲ್ ಮಾಡುವಂತಿಲ್ಲ.

ಪುಟಿದ ಚೆಂಡಿಗಾಗಿ ರಿಂಗ್ ಕೆಳಗೆ ನಾಲ್ಕೈದು ಜನ ಹಾರಿ ಬೆರಳ ತುದಿಯಿಂದ ತಟ್ಟುತ್ತಿರುವಾಗಲೂ ಅಷ್ಟೇ. ಅಲ್ಲಿ ಯಾರ ಕೈಗೂ ಚೆಂಡು ಬಂದಿಲ್ಲ, ಆದ್ದರಿಂದ ಯಾರ ಹೆಜ್ಜೆಗೂ ಲೆಕ್ಕವಿಲ್ಲ.

ಕಂಠೀರವದ ಒಂದೇ ನೆಲ, ಎರಡು ನಿಯಮ

ಕೋಲಾರದಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ಈ ನಿಯಮದ ಬದಲಾವಣೆಯನ್ನು ಕಣ್ಣಾರೆ ಕಂಡಿದೆ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆಯಿತು. ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿದ್ದು ಆಗಲೇ. ಎರಡು ತಿಂಗಳು ಕಳೆದು, ಅದೇ ವರ್ಷದ ಅಕ್ಟೋಬರ್ 1ರಿಂದ, ಫಿಬಾದ ಹೊಸ ಟ್ರಾವೆಲಿಂಗ್ ನಿಯಮ ಜಾರಿಗೆ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಮತ್ತೆ ಬೆಂಗಳೂರಿಗೆ ಬಂದಾಗ ಹೆಜ್ಜೆಯ ಲೆಕ್ಕವೇ ಬೇರೆಯಾಗಿತ್ತು. ಎರಡೂ ಸಲ ‘ಎ’ ವಿಭಾಗದ ಕಪ್ ಗೆದ್ದದ್ದು ಜಪಾನ್.

ಬದಲಾದದ್ದು ಇಷ್ಟು. ಹಿಂದೆ, ಓಡುತ್ತಿರುವ ಆಟಗಾರ ಚೆಂಡು ಹಿಡಿದಾಗ ಯಾವ ಕಾಲು ನೆಲದ ಮೇಲಿತ್ತೋ ಆ ಕಾಲೂ ಲೆಕ್ಕಕ್ಕೆ ಬರುತ್ತಿತ್ತು. ಈಗ ಅದು ಸೊನ್ನೆ. ಅದಾದ ಮೇಲೆ ನೆಲ ಮುಟ್ಟುವ ಕಾಲು ಒಂದನೇ ಹೆಜ್ಜೆ, ಆಮೇಲಿನದು ಎರಡನೆಯದು. ಎರಡನೇ ಹೆಜ್ಜೆಯಿಂದ ಹಾರಿದರೆ ಯಾವ ಕಾಲೂ ನೆಲಕ್ಕೆ ಮರಳುವ ಮೊದಲು ಚೆಂಡು ಕೈ ಬಿಡಬೇಕು.

ಬಲಗೈ ಲೇಅಪ್ ಅನ್ನು ನಿಧಾನವಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆಟಗಾರ ಡ್ರಿಬಲ್ ಮಾಡುತ್ತ ಬರುತ್ತಾನೆ. ಪುಟಿದೆದ್ದ ಚೆಂಡನ್ನು ಎರಡೂ ಕೈಯಿಂದ ಬಾಚುವಾಗ ಅವನ ಎಡಗಾಲು ನೆಲದ ಮೇಲಿದೆ: ಸೊನ್ನೆ. ಬಲಗಾಲು: ಒಂದು. ಎಡಗಾಲು: ಎರಡು. ಹಾರಿದ, ಚೆಂಡನ್ನು ಬೋರ್ಡಿಗೆ ತಾಗಿಸಿ ರಿಂಗಿಗೆ ಬಿಟ್ಟ. ನೆಲ ಮುಟ್ಟಿದ ಕಾಲುಗಳು ಎಡ, ಬಲ, ಎಡ. ಗೆರೆಯಾಚೆಯ ಕಣ್ಣಿಗೆ ಮೂರು ಹೆಜ್ಜೆ, ನಿಯಮಕ್ಕೆ ಎರಡೇ.

ಚೆಂಡು ಬಾಚುವಾಗ ಎರಡೂ ಕಾಲು ಗಾಳಿಯಲ್ಲಿದ್ದರೆ ಸೊನ್ನೆಯ ಸೌಲಭ್ಯ ಸಿಗುವುದಿಲ್ಲ. ಮೊದಲು ನೆಲ ಮುಟ್ಟಿದ ಕಾಲೇ ಒಂದು.

ಇಲ್ಲಿ ಇನ್ನೊಂದು ಗಂಟಿದೆ. ಓಡುತ್ತ ಪಾಸ್ ಹಿಡಿದವರು ಅಲ್ಲಿಂದ ಡ್ರಿಬಲ್ ಶುರುಮಾಡಬೇಕೆಂದಿದ್ದರೆ ಎರಡನೇ ಹೆಜ್ಜೆ ನೆಲ ಮುಟ್ಟುವ ಮೊದಲೇ ಚೆಂಡು ಕೈಯಿಂದ ಹೊರಟಿರಬೇಕು. ‘ಎರಡು ಹೆಜ್ಜೆ ಇದೆಯಲ್ಲ’ ಎಂದು ಎರಡನ್ನೂ ಹಾಕಿ ಆಮೇಲೆ ಚೆಂಡು ಬಡಿದರೆ ಅದು ಟ್ರಾವೆಲಿಂಗ್. ಎರಡು ಹೆಜ್ಜೆ ಇರುವುದು ನಿಲ್ಲಲು, ಪಾಸ್ ಕೊಡಲು ಇಲ್ಲವೇ ಶಾಟ್ ಹೊಡೆಯಲು.

ನಿಂತವರ ಕಾಲಿಗೆ ಬೇರೆ ಲೆಕ್ಕ

ಸೊನ್ನೆ ಹೆಜ್ಜೆ ಓಡುತ್ತಿರುವವರಿಗೆ ಮಾತ್ರ. ಎರಡೂ ಕಾಲು ಊರಿ ನಿಂತು ಪಾಸ್ ಹಿಡಿದವರಿಗೆ ಅದು ಅನ್ವಯಿಸುವುದಿಲ್ಲ. ಅವರು ಒಂದು ಕಾಲೆತ್ತಿದ ಕೂಡಲೇ ಉಳಿದ ಕಾಲು ಪಿವಟ್ ಕಾಲಾಗುತ್ತದೆ. ಅದು ಬೀಸುವ ಕಲ್ಲಿನ ಗೂಟವಿದ್ದ ಹಾಗೆ. ಇನ್ನೊಂದು ಕಾಲು ಸುತ್ತ ಎಷ್ಟು ಸಲ ಬೇಕಾದರೂ ತಿರುಗಬಹುದು, ಗೂಟ ಮಾತ್ರ ಜಾಗ ಬಿಡಬಾರದು. ಹಿಮ್ಮಡಿ ಎತ್ತಿ ಪಾದದ ಮುಂಭಾಗದ ಮೇಲೆ ತಿರುಗಿದರೆ ತಪ್ಪಿಲ್ಲ. ಪಾದ ಎಳೆದುಕೊಂಡು ಸರಿದರೆ ತಪ್ಪು.

ಪಿವಟ್ ಕಾಲೆತ್ತಿದರೆ ತಕ್ಷಣ ಟ್ರಾವೆಲಿಂಗ್ ಎಂಬ ನಂಬಿಕೆ ಬಹಳ ಮಂದಿಗಿದೆ. ನಿಯಮ ಹಾಗೆ ಹೇಳುವುದಿಲ್ಲ. ಪಾಸ್ ಕೊಡಲು ಅಥವಾ ಶಾಟ್ ಹೊಡೆಯಲು ಪಿವಟ್ ಕಾಲೆತ್ತಬಹುದು, ಅದು ಮತ್ತೆ ನೆಲ ಮುಟ್ಟುವುದರೊಳಗೆ ಚೆಂಡು ಕೈ ಬಿಟ್ಟಿದ್ದರೆ ಸಾಕು. ಎದುರಾಳಿಯನ್ನು ಹುಸಿ ಶಾಟ್‌ನಿಂದ ಮೇಲಕ್ಕೆ ಹಾರಿಸಿ, ಅವನ ತೋಳಿನ ಕೆಳಗಿನಿಂದ ಒಂದು ಹೆಜ್ಜೆ ನುಸುಳಿ, ಪಿವಟ್ ಕಾಲೆತ್ತಿ ರಿಂಗಿಗೆ ಹಾಕುವುದು ಪೂರ್ತಿ ಕ್ರಮಬದ್ಧ ಆಟ.

ಡ್ರಿಬಲ್ ಶುರುಮಾಡುವಾಗ ಮಾತ್ರ ನಿಯಮ ಬಿಗಿ: ಪಿವಟ್ ಕಾಲು ಏಳುವ ಮೊದಲೇ ಚೆಂಡು ಕೈಯಿಂದ ಹೊರಟಿರಬೇಕು. ಶಾಲಾ ಪಂದ್ಯಗಳಲ್ಲಿ ಹುಡುಗರು ಎಡವುವುದು ಇಲ್ಲೇ. ಎಡಗಾಲನ್ನು ಮುಂದಿಟ್ಟು ಎದುರಾಳಿಯನ್ನು ಆ ಕಡೆಗೆ ಸೆಳೆಯುತ್ತಾರೆ, ಹಾಗಾಗಿ ಬಲಗಾಲು ಪಿವಟ್ ಆಯಿತು. ಆಮೇಲೆ ಬಲಕ್ಕೆ ನುಗ್ಗುವ ಅವಸರದಲ್ಲಿ ಬಲಗಾಲನ್ನೇ ಮೊದಲು ಎತ್ತುತ್ತಾರೆ, ಚೆಂಡು ಬಡಿಯುವುದು ಅದರ ಹಿಂದೆ. ಕಾಲು ಮುಂದೆ, ಚೆಂಡು ಹಿಂದೆ. ಕಣ್ಣು ರೆಪ್ಪೆ ಮಿಟುಕಿಸುವಷ್ಟು ಹೊತ್ತಿನ ಈ ತಪ್ಪನ್ನು ಜನ ಗಮನಿಸುವುದಿಲ್ಲ. ರೆಫರಿ ಸೀಟಿ ಊದಿದಾಗ ‘ಅವನು ಒಂದು ಹೆಜ್ಜೆಯನ್ನೂ ಹಾಕಲಿಲ್ಲ’ ಎಂದು ಅಚ್ಚರಿಪಡುತ್ತಾರೆ.

ಎರಡೂ ಕಾಲಲ್ಲಿ ಒಟ್ಟಿಗೆ ಇಳಿಯುವ ಜಂಪ್ ಸ್ಟಾಪ್‌ನಲ್ಲೂ ಸೂಕ್ಷ್ಮವಿದೆ. ಚೆಂಡು ಹಿಡಿದು ಒಂದನೇ ಹೆಜ್ಜೆಗೇ ಎರಡೂ ಕಾಲೂರಿ ನಿಂತರೆ ಯಾವ ಕಾಲನ್ನಾದರೂ ಪಿವಟ್ ಮಾಡಿಕೊಳ್ಳಬಹುದು. ಒಂದನೇ ಹೆಜ್ಜೆಗೆ ಒಂಟಿ ಕಾಲಿಟ್ಟು, ಅಲ್ಲಿಂದ ಹಾರಿ ಎರಡನೆಯದಕ್ಕೆ ಎರಡೂ ಕಾಲಲ್ಲಿ ಇಳಿದರೆ ಪಿವಟ್ ಇಲ್ಲ. ಆಮೇಲೆ ಕಾಲೆತ್ತಿದರೆ ಅದು ನೆಲಕ್ಕೆ ಮರಳುವ ಮುಂಚೆ ಚೆಂಡು ಬಿಡಲೇಬೇಕು. ಚೆಂಡು ಹಿಡಿದ ಮೇಲೆ ಕುಂಟಾಬಿಲ್ಲೆಯಂತೆ ಒಂದೇ ಕಾಲನ್ನು ಎರಡು ಸಲ ಕುಪ್ಪಳಿಸಿ ಇಡುವುದಕ್ಕೂ ಅವಕಾಶವಿಲ್ಲ.

ಬಿದ್ದವರು, ಗಾಳಿಯಲ್ಲಿ ಸಿಕ್ಕಿದವರು

ಚೆಂಡಿಗಾಗಿ ಎಗರಿ ಬಿದ್ದು, ಚೆಂಡು ಹಿಡಿದುಕೊಂಡೇ ನೆಲದ ಮೇಲೆ ಜಾರಿದರೆ ತಪ್ಪಿಲ್ಲ. ಕುಳಿತಲ್ಲೇ, ಮಲಗಿದಲ್ಲೇ ಚೆಂಡು ಹಿಡಿದರೂ ತಪ್ಪಿಲ್ಲ. ಆದರೆ ಚೆಂಡು ಹಿಡಿದು ಹೊರಳಿದರೆ ಅಥವಾ ಏಳಲು ಹೋದರೆ ಟ್ರಾವೆಲಿಂಗ್. ಬಿದ್ದವರು ಅಲ್ಲಿಂದಲೇ ಪಾಸ್ ಕೊಡುವುದು ಜಾಣತನ.

ಶಾಟ್‌ಗೆ ಹಾರಿದವರು ಮನಸ್ಸು ಬದಲಾಯಿಸಿ ಚೆಂಡಿನೊಂದಿಗೇ ಇಳಿದರೂ ಟ್ರಾವೆಲಿಂಗ್. ಎದುರಾಳಿ ಗಾಳಿಯಲ್ಲೇ ಚೆಂಡಿನ ಮೇಲೆ ಗಟ್ಟಿಯಾಗಿ ಕೈಯೂರಿ, ಇಬ್ಬರೂ ಬಿಗಿಯಾಗಿ ಹಿಡಿದುಕೊಂಡೇ ಕೆಳಗೆ ಬಂದರೆ ಮಾತ್ರ ಅದು ಹೆಲ್ಡ್ ಬಾಲ್. ಆಗ ಚೆಂಡು ಯಾರಿಗೆ ಎಂಬುದನ್ನು ಸ್ಕೋರರ್ ಮೇಜಿನ ಮೇಲಿನ ಬಾಣದ ಗುರುತು ಹೇಳುತ್ತದೆ.

ಗೆರೆಯಾಚೆ ನಿಂತು ಚೆಂಡನ್ನು ಒಳಕ್ಕೆ ಎಸೆಯುವವರ ಕಾಲಿಗೆ ಟ್ರಾವೆಲಿಂಗ್ ನಿಯಮ ಇಲ್ಲ, ಅದು ಅಂಕಣದೊಳಗಿನವರಿಗೆ ಮಾತ್ರ. ಆದರೂ ಅವರು 5 ಸೆಕೆಂಡಿನೊಳಗೆ ಎಸೆಯಬೇಕು. ಎದುರಾಳಿ ಬ್ಯಾಸ್ಕೆಟ್ ಹಾಕಿದ ನಂತರದ ಎಸೆತ ಬಿಟ್ಟರೆ, ಪಕ್ಕಕ್ಕೆ ಒಟ್ಟು ಒಂದು ಮೀಟರ್‌ಗಿಂತ ಹೆಚ್ಚು ಸರಿಯುವಂತಿಲ್ಲ.

ಡಬಲ್ ಮತ್ತು ಕ್ಯಾರಿ

ಡ್ರಿಬಲ್ ಮುಗಿಯುವುದು ಎರಡು ರೀತಿಯಲ್ಲಿ. ಎರಡೂ ಕೈ ಒಟ್ಟಿಗೆ ಚೆಂಡಿಗೆ ತಾಗಿದಾಗ ಒಂದು, ಚೆಂಡು ಕೈಯಲ್ಲಿ ತಂಗಿದಾಗ ಇನ್ನೊಂದು. ಹಾಗೆ ಮುಗಿದ ಮೇಲೆ ಮತ್ತೆ ಬಡಿದರೆ ಡಬಲ್ ಡ್ರಿಬಲ್. ನಡುವೆ ಬ್ಯಾಸ್ಕೆಟ್‌ಗೆ ಶಾಟ್ ಹೊಡೆದು ಹತೋಟಿ ತಪ್ಪಿದ್ದರೆ, ಅಥವಾ ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗಿ ಬಂದಿದ್ದರೆ ಹೊಸ ಡ್ರಿಬಲ್‌ಗೆ ಅವಕಾಶ ಇದೆ.

ಕ್ಯಾರಿ ಇದರ ನಾಜೂಕಾದ ರೂಪ. ಆಟಗಾರನ ಅಂಗೈ ಚೆಂಡಿನ ಕೆಳಗೆ ಹೋಗಿ, ಚೆಂಡು ದೋಸೆ ತಟ್ಟೆಯಲ್ಲಿಟ್ಟಂತೆ ಒಂದು ಗಳಿಗೆ ಅಲ್ಲಿ ಕೂತು, ಮತ್ತೆ ನೆಲಕ್ಕೆ ಇಳಿಯುತ್ತದೆ. ಚೆಂಡು ತಂಗಿತು ಎಂದರೆ ಡ್ರಿಬಲ್ ಮುಗಿಯಿತು, ಮುಂದುವರಿಸಿದ್ದು ಎರಡನೇ ಡ್ರಿಬಲ್. ಚೆಂಡು ಎಷ್ಟು ಎತ್ತರಕ್ಕೆ ಪುಟಿಯಿತು ಎಂಬುದು ಇಲ್ಲಿ ಮುಖ್ಯವೇ ಅಲ್ಲ. ತಲೆಯೆತ್ತರಕ್ಕೆ ಪುಟಿದರೂ ಚೆಂಡಿನ ಮೇಲ್ಭಾಗಕ್ಕೆ ಕೈ ತಾಗಿದ್ದರೆ ಅದು ಡ್ರಿಬಲ್ಲೇ.

ರೆಫರಿ ಎಲ್ಲಿ ನಿಲ್ಲುತ್ತಾರೆ?

ತೀರ್ಪಿನ ಅರ್ಧ ಭಾಗ ನಿಲ್ಲುವ ಜಾಗದಲ್ಲಿದೆ. ಪೂರ್ಣ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಇಬ್ಬರು ರೆಫರಿಗಳಿದ್ದಾಗ ಒಬ್ಬರು ಆಟಕ್ಕಿಂತ ಮುಂದೆ ಓಡಿ ರಿಂಗಿನ ಹಿಂದಿನ ಗೆರೆಯ ಬಳಿ ನಿಲ್ಲುತ್ತಾರೆ, ಇನ್ನೊಬ್ಬರು ಆಟದ ಹಿಂದಿನಿಂದ ಬರುತ್ತಾರೆ. ಮುಂದಿರುವವರು ಲೀಡ್, ಹಿಂದಿರುವವರು ಟ್ರೇಲ್. ದೊಡ್ಡ ಟೂರ್ನಿಗಳಲ್ಲಿ ಮೂವರಿರುತ್ತಾರೆ. ಚೆಂಡು ಯಾರ ಪಾಲಿನ ಜಾಗದಲ್ಲಿದೆಯೋ ಅವರೇ ಮೊದಲು ಆ ಕಾಲುಗಳ ಹೊಣೆ ಹೊರುತ್ತಾರೆ.

ಆಟಗಾರನಿಂದ ಮೂರರಿಂದ ಆರು ಮೀಟರ್ ದೂರ ಒಳ್ಳೆಯ ದೂರ. ತೀರಾ ಹತ್ತಿರ ಹೋದರೆ ಕೈ ಕಂಡಾಗ ಕಾಲು ಕಾಣುವುದಿಲ್ಲ. ದೂರವೇ ಉಳಿದರೆ ಎರಡೂ ಮಸುಕು. ಚೆಂಡು ಹಿಡಿದವನ ಬೆನ್ನಿಗೆ ನೇರ ಸಾಲಾಗಿ ನಿಲ್ಲದೆ, ಅವನಿಗೂ ಎದುರಾಳಿಗೂ ನಡುವಿನ ಸಂದು ಕಾಣುವಂತೆ ಓರೆಯಾಗಿ ನಿಲ್ಲಬೇಕು. ಪಾಸ್ ಗಾಳಿಯಲ್ಲಿರುವಾಗ ಚೆಂಡಿನ ಹಾದಿ ನೋಡುತ್ತ ಕೂರದೆ, ಅದನ್ನು ಹಿಡಿಯಲಿರುವವರ ಪಾದಕ್ಕೆ ಕಣ್ಣು ಮೊದಲೇ ಇಳಿದಿರಬೇಕು. ಪಿವಟ್ ಯಾವುದು ಎಂದು ಆಗಲೇ ಗುರುತಿಸದಿದ್ದರೆ ಆಮೇಲೆ ಮಾಡುವುದೆಲ್ಲ ಊಹೆ, ಊಹೆಗೆ ಸೀಟಿ ಊದಬಾರದು.

ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪೆಂದು ಭಾವಿಸುವುದು ಹೊಸ ರೆಫರಿಗಳ ದೊಡ್ಡ ಸಮಸ್ಯೆ. ಯೂರೋ ಸ್ಟೆಪ್ ಅದಕ್ಕೆ ಉದಾಹರಣೆ: ಒಂದು ಹೆಜ್ಜೆ ಬಲಕ್ಕೆ, ಇನ್ನೊಂದು ಎಡಕ್ಕೆ, ಎದುರಾಳಿ ತಬ್ಬಿಬ್ಬು. ನೋಡಲು ಅಡ್ಡಾದಿಡ್ಡಿ, ಎಣಿಸಿದರೆ ಎರಡೇ ಹೆಜ್ಜೆ. ಅನುಭವಿಗಳಿಗೂ ಕಣ್ಣು ತಪ್ಪುವುದುಂಟು. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಎನ್‌ಬಿಎ ಪಂದ್ಯವೊಂದರಲ್ಲಿ ಜೇಮ್ಸ್ ಹಾರ್ಡನ್ ಯೂಟಾ ತಂಡದ ವಿರುದ್ಧ ಹಿಂದಕ್ಕೆ ಜಿಗಿದು ಜಿಗಿದು ಶಾಟ್ ಹೊಡೆದಾಗ ಸೀಟಿ ಬರಲಿಲ್ಲ. ಅದು ಟ್ರಾವೆಲಿಂಗ್ ಆಗಿತ್ತು ಎಂದು ಆಮೇಲೆ ರೆಫರಿಗಳ ಕಡೆಯಿಂದಲೇ ಒಪ್ಪಿಗೆ ಬಂತು. ಮೊಬೈಲಿನಲ್ಲಿ ಇಂಥ ತುಣುಕು ನೋಡಿ ಕಲಿಯುವ ಮಕ್ಕಳಿಗೆ ಎನ್‌ಬಿಎ ನಿಯಮ ಪುಸ್ತಕ ಬೇರೆ, ಇಲ್ಲಿ ನಡೆಯುವುದು ಫಿಬಾದ ಪುಸ್ತಕ ಎಂದು ಮೇಷ್ಟ್ರು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫಿಬಾದಲ್ಲಿ ಟಿ.ವಿ. ನೋಡಿ ಮರುಪರಿಶೀಲಿಸಬಹುದಾದ ತೀರ್ಪುಗಳ ಪಟ್ಟಿಯಲ್ಲಿ ಟ್ರಾವೆಲಿಂಗ್ ಇಲ್ಲ. ಅಂಕಣದಲ್ಲಿ ಕಂಡದ್ದೇ ಕೊನೆ.

ಕೈ ಹೇಳುವ ಮಾತು

ಮುಳಬಾಗಿಲು, ಶ್ರೀನಿವಾಸಪುರದ ಮೈದಾನಗಳಲ್ಲಿ ಕೂಗಾಟ ಅರ್ಧ ಕನ್ನಡ, ಅರ್ಧ ತೆಲುಗು. ರೆಫರಿಯ ಸಂಜ್ಞೆಗೆ ಎರಡೂ ಬೇಡ. ಸೀಟಿಯ ಜೊತೆಗೇ ಒಂದು ಕೈ ಅಂಗೈ ಬಿಚ್ಚಿ ನೇರ ಮೇಲೆದ್ದರೆ ಗಡಿಯಾರ ನಿಲ್ಲಿಸಿ, ನಿಯಮಭಂಗವಾಗಿದೆ ಎಂದರ್ಥ. ಎದೆಯ ಮುಂದೆ ಎರಡು ಮುಷ್ಟಿ ಒಂದರ ಸುತ್ತ ಒಂದು ತಿರುಗಿದರೆ ಟ್ರಾವೆಲಿಂಗ್. ಎರಡು ಅಂಗೈ ಒಂದಾದ ಮೇಲೊಂದು ಕೆಳಕ್ಕೆ ತಟ್ಟಿದರೆ ಡಬಲ್ ಡ್ರಿಬಲ್. ಒಂದು ಅಂಗೈ ಅರ್ಧ ಸುತ್ತು ಹೊರಳಿದರೆ ಕ್ಯಾರಿ. ಕೊನೆಗೆ ತೋಳು ಯಾವ ಕಡೆ ಚಾಚುತ್ತದೋ ಇನ್ನು ಆಟ ಆ ಕಡೆಗೆ. ತಪ್ಪು ನಡೆದ ಜಾಗಕ್ಕೆ ಹತ್ತಿರದ ಗೆರೆಯಿಂದ ಎದುರು ತಂಡ ಚೆಂಡು ಎಸೆಯುತ್ತದೆ. ಟ್ರಾವೆಲಿಂಗ್ ಫೌಲ್ ಅಲ್ಲ, ಆಟಗಾರನ ಫೌಲ್ ಖಾತೆಗೆ ಅದು ಸೇರುವುದಿಲ್ಲ.

ಧೂಳೇ ಸಾಕ್ಷಿ

ಹೊರಾಂಗಣ ಸಿಮೆಂಟ್ ಅಂಕಣಗಳ ಮೇಲೆ ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಕೂತಿರುತ್ತದೆ. ಸವೆದ ಅಟ್ಟೆಯ ಶೂ ಅದರ ಮೇಲೆ ಜಾರುತ್ತದೆ, ಪಿವಟ್ ಕಾಲು ಬೇಡವೆಂದರೂ ಸರಿಯುತ್ತದೆ. ಆದ್ದರಿಂದ ಪಂದ್ಯಕ್ಕೆ ಮುಂಚೆ, ವಿರಾಮದಲ್ಲಿ ಒಮ್ಮೆ, ಅಂಕಣ ಗುಡಿಸಿಸುವುದು ರೆಫರಿಗೂ ಆಟಗಾರರಿಗೂ ಉಪಕಾರ.

ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಇದೇ ಧೂಳು ಒಳ್ಳೆಯ ಮೇಷ್ಟ್ರು. ಅಂಕಣದ ಒಂದು ಮೂಲೆಯಲ್ಲಿ ತೆಳುವಾಗಿ ಸೀಮೆಸುಣ್ಣದ ಪುಡಿ ಉದುರಿಸಿ, ಮಕ್ಕಳನ್ನು ಅಲ್ಲಿ ನಿಲ್ಲಿಸಿ ಪಾಸ್ ಕೊಡಬೇಕು. ಪಿವಟ್ ಮಾಡಿ ತಿರುಗಿದ ಮೇಲೆ ಪುಡಿಯಲ್ಲಿ ಉಳಿದ ಗುರುತು ನೋಡಬೇಕು. ದುಂಡಗಿನ ಗುರುತು ಇದ್ದರೆ ಪಾದ ಜಾಗದಲ್ಲೇ ತಿರುಗಿದೆ. ಬಾಲದಂತೆ ಗೀರು ಎಳೆದಿದ್ದರೆ ಪಾದ ಜಾರಿದೆ. ಯಾರೂ ವಾದ ಮಾಡುವ ಹಾಗಿಲ್ಲ. ಲೇಅಪ್ ಕಲಿಸುವಾಗ ಇಡೀ ತಂಡ ಜೋರಾಗಿ ‘ಸೊನ್ನೆ, ಒಂದು, ಎರಡು’ ಎಂದು ಎಣಿಸಲಿ. ಚೆಂಡು ಹಿಡಿಯುವಾಗ ಕಾಲು ಗಾಳಿಯಲ್ಲಿದ್ದರೆ ‘ಒಂದು, ಎರಡು’ ಅಷ್ಟೇ. ಮಕ್ಕಳಲ್ಲೇ ಒಬ್ಬರ ಕೈಗೆ ಸೀಟಿ ಕೊಟ್ಟು ಹತ್ತು ನಿಮಿಷ ರೆಫರಿ ಮಾಡಿದರೆ, ಆಡುವಾಗಿನ ಅವರ ತಕರಾರು ತಾನಾಗಿ ಕಡಿಮೆಯಾಗುತ್ತದೆ.

ಪೂರ್ಣ ಅಂಕಣ ಇಲ್ಲದ ಊರುಗಳಲ್ಲಿ ಒಂದೇ ರಿಂಗ್ ಇಟ್ಟುಕೊಂಡು ಮೂವರು ಮೂವರು ಆಡುವ 3x3 ಆಟಕ್ಕೂ ಹೆಜ್ಜೆಯ ಲೆಕ್ಕ ಇದೇ. ಅಲ್ಲಿ ಪಂದ್ಯ 10 ನಿಮಿಷ, ಅಥವಾ ಮೊದಲು 21 ಅಂಕ ಮುಟ್ಟಿದವರು ಗೆದ್ದಂತೆ. ಒಮ್ಮೆ ಚೆಂಡು ಸಿಕ್ಕರೆ ಶಾಟ್‌ಗೆ ಇರುವುದು 12 ಸೆಕೆಂಡ್ ಮಾತ್ರ. ಅವಸರ ಹೆಚ್ಚಾದಷ್ಟೂ ಕಾಲು ಎಡವುವುದೂ ಹೆಚ್ಚು.

ರೆಫರಿಯ ಮೇಲೆ ಕೂಗಾಡುವ ಕೋಚ್‌ಗೆ ಟೆಕ್ನಿಕಲ್ ಫೌಲ್ ಬಿದ್ದರೆ ಎದುರು ತಂಡಕ್ಕೆ ಒಂದು ಫ್ರೀ ಥ್ರೋ ಸಿಗುತ್ತದೆ. ಅಂಥದ್ದೇ ವರ್ತನೆಗೆ ಎರಡನೆಯದೂ ಬಿದ್ದರೆ ಅವರು ಅಂಕಣ ಬಿಟ್ಟು ಹೊರಡಬೇಕು. ಅನುಮಾನ ಇದ್ದರೆ ಆಟ ನಿಂತಾಗ ನಾಯಕ ರೆಫರಿಯನ್ನು ಮರ್ಯಾದೆಯಿಂದ ಕೇಳಬಹುದು. ಪ್ರೇಕ್ಷಕರು ಮಾಡಬಹುದಾದದ್ದು ಇನ್ನೂ ಸುಲಭ. ಮುಂದಿನ ಪಂದ್ಯದ ಮೊದಲ ಐದು ನಿಮಿಷ ಚೆಂಡನ್ನು ಮರೆತು, ಕಬಡ್ಡಿಯ ಬೋನಸ್ ಗೆರೆ ನೋಡುವ ಕಣ್ಣಿನಿಂದ ಪಾದಗಳನ್ನಷ್ಟೇ ನೋಡಿ. ಚೆಂಡು ಕೈಗೆ ಬಂದಾಗ ನೆಲದ ಮೇಲಿದ್ದ ಕಾಲಿಗೆ ‘ಸೊನ್ನೆ’ ಎಂದುಕೊಂಡು ಎಣಿಸಲು ಶುರುಮಾಡಿ. ಮೂರು ಬಂದರೆ ಮಾತ್ರ ಕೂಗಿ.